ಶಕುಂತಲೆಯ ಗೆಳತಿಯರು

ಹಳೆಯ ಪ್ರೇಮಕಥೆಗಳನ್ನು ನಾಯಕ ನಾಯಿಕೆಯರ ಬದಲು ಅವರ ಪಕ್ಕದಲ್ಲಿ ನಿಂತವರ ಬಾಯಿಂದ ಹೇಳಿಸುವುದು ಇಂದಿನ ಲೇಖಕರಿಗೆ ಪ್ರಿಯವಾಗಿದೆ. ಇದರಿಂದ ಮೂಲಕ್ಕೆ ಅಪಚಾರವಾಗುವುದೆಂದು ಬೇಸರಪಡುವ ಹಿರಿಯರುಂಟು. ಅವರ ಬೇಸರ ನಿರಾಧಾರವೆಂದು ನಾವು ಹೇಳಲಾರೆವು. ಆದರೂ ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು (1843–1891) ಕನ್ನಡಕ್ಕೆ ತಂದ ಶಾಕುಂತಲವನ್ನೇ ಕೈಗೆತ್ತಿಕೊಂಡು ನೋಡೋಣ.

ನಾಲ್ಕನೆಯ ಅಂಕ. ದುಷ್ಯಂತನ ನೆನಪಿನಲ್ಲಿ ಮೈಮರೆತ ಶಕುಂತಲೆಗೆ ದುರ್ವಾಸರ ಶಾಪ ಕೇಳಿಸುವುದೇ ಇಲ್ಲ. ಕೇಳಿಸಿಕೊಂಡವರು ಹೂ ಬಿಡಿಸುತ್ತಿದ್ದ ಅನಸೂಯೆ, ಪ್ರಿಯಂವದೆಯರು. ಪ್ರಿಯಂವದೆ ಓಡಿಹೋಗಿ ಮುನಿಯ ಕಾಲಿಗೆರಗಿ, ಗುರುತಿನ ಆಭರಣ ಕಂಡರೆ ಶಾಪ ತೀರುವುದೆಂಬ ಮಾತನ್ನು ಪಡೆದು ತರುತ್ತಾಳೆ. ಬಳಿಕ ಇಬ್ಬರೂ ಸೇರಿ ಈ ವಿಷಯವನ್ನು ಗೆಳತಿಗೆ ತಿಳಿಸಬಾರದೆಂದು ನಿಶ್ಚಯಿಸುತ್ತಾರೆ. ಅವಳ ಮೃದುಮನಸ್ಸು ತಾಳಲಾರದೆಂದು. ಬೀಳ್ಕೊಡುವಾಗ ಹೇಳುವುದು ಇಷ್ಟೇ: ರಾಜನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸು. ಅಷ್ಟಕ್ಕೇ ಶಕುಂತಲೆ ನಡುಗಿದಾಗ, ಪ್ರೀತಿಯಿದ್ದಲ್ಲಿ ಇಂಥ ಶಂಕೆ ಸಹಜವೆಂದು ಸಮಾಧಾನಪಡಿಸುತ್ತಾರೆ. ಇವರಿಗೂ ಮದುವೆಯಾಗಬೇಕು, ಅರಮನೆಗೆ ಬರುವುದು ಯುಕ್ತವಲ್ಲವೆಂದು ಕಣ್ವರು ಅವರನ್ನು ಆಶ್ರಮದಲ್ಲಿಯೇ ಉಳಿಸಿಕೊಳ್ಳುತ್ತಾರೆ. ಮುಂದೆ ಆ ಇಬ್ಬರೂ ನಾಟಕದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ರವೀಂದ್ರನಾಥ ಠಾಕೂರರು ಕಾವ್ಯದಲ್ಲಿ ಉಪೇಕ್ಷಿತರಾದ ಸ್ತ್ರೀಯರ ಬಗ್ಗೆ ಬರೆದ ಪ್ರಬಂಧದಲ್ಲಿ ಊರ್ಮಿಳೆಯೊಂದಿಗೆ ಈ ಇಬ್ಬರನ್ನೂ ನೆನೆದಿದ್ದಾರೆ. ನಮ್ಮ ಕುವೆಂಪು ಅವರು ಶ್ರೀರಾಮಾಯಣ ದರ್ಶನಂ ಮಹಾಕಾವ್ಯದಲ್ಲಿ ಊರ್ಮಿಳೆಗೆ ಅವಳ ಹೆಸರಿನ ಸಂಚಿಕೆಯನ್ನೇ ಕೊಟ್ಟರು. ಗಿರೀಶ ಕಾರ್ನಾಡರು 1961ರ ಯಯಾತಿ ನಾಟಕದಲ್ಲಿ ಇನ್ನೂ ಮುಂದೆ ಹೋದರು. ತಂದೆಗೆ ತನ್ನ ಯೌವನವನ್ನಿತ್ತ ಪುರುವನ್ನು ಎಲ್ಲರೂ ಕೊಂಡಾಡುತ್ತಾರೆ. ಅವನನ್ನು ಕೈಹಿಡಿದವಳ ಗತಿಯೇನು? ಮಹಾಭಾರತದ ಆ ಪ್ರಸಂಗದಲ್ಲಿ ಅವಳ ಮಾತಿಲ್ಲ. ಕಾರ್ನಾಡರು ಚಿತ್ರಲೇಖೆಯನ್ನು ಸೃಷ್ಟಿಸಿ ಮಾವನೆದುರಿಗೆ ನಿಲ್ಲಿಸಿದರು. ಅವಳ ಪ್ರಶ್ನೆ ಕಟುವಾದುದು, ಕೆಲವರಿಗೆ ಸಭ್ಯತೆ ಮೀರಿದ್ದೆಂದೂ ತೋರಬಹುದು. ಆದರೆ ಉತ್ತರ ಯಯಾತಿಯಲ್ಲಿಲ್ಲ. ಅವಳು ವಿಷ ಸೇವಿಸಿ ಸಾಯುತ್ತಾಳೆ.

ಪಕ್ಕದ ಪಾತ್ರವನ್ನು ಮೇಲೆತ್ತಲು ಉಳಿದವರನ್ನೆಲ್ಲ ದುಷ್ಟರನ್ನಾಗಿಸುವ ಬರಹ ನಮಗೆ ರುಚಿಸದು. ಅನಸೂಯೆಯ ಕಥೆಯನ್ನು ಬರೆಯುವವರಿಗೆ ದುಷ್ಟರು ಬೇಕಾಗಿಯೇ ಇಲ್ಲ. ಶಕುಂತಲೆಯನ್ನು ರಾಜನು ಒಲ್ಲೆನೆಂದ ಸುದ್ದಿ ಹೊತ್ತು ಗೌತಮಿಯೂ ಶಿಷ್ಯರೂ ಮಾಲಿನೀ ತೀರಕ್ಕೆ ಮರಳಿದ ದಿನ, ಕಾರಣ ಬಲ್ಲವರು ಇವರಿಬ್ಬರೇ. ಕಣ್ವರ ಮುಂದೆ ಬಾಯಿಬಿಟ್ಟರೇ? ಪ್ರೀತಿಯಿಂದಲೇ ಮುಚ್ಚಿಟ್ಟ ಮಾತು ಅದು. ಮನೆಯ ಹೆಣ್ಣುಮಗಳು ನೊಂದಾಳೆಂದು ವಿಷಯ ಮುಚ್ಚಿಡುವುದು ನಮ್ಮ ಸಂಸಾರಗಳಲ್ಲಿಯೂ ಅಪರೂಪವೇನಲ್ಲ.

ಕಡೆಯ ಅಂಕದಲ್ಲಿ ಮಾರೀಚರಿಂದ ಶಾಪದ ಸಂಗತಿ ತಿಳಿದಾಗ, ಉಂಗುರ ತೋರಿಸೆಂದು ಗೆಳತಿಯರು ಅಷ್ಟು ಒತ್ತಿ ಹೇಳಿದ್ದೇಕೆಂಬುದು ಶಕುಂತಲೆಗೆ ಹೊಳೆಯುತ್ತದೆ. ಅವರನ್ನು ಅವಳು ದೂರುವುದಿಲ್ಲ. ಶಾಪ ತೀರಿದ ವಾರ್ತೆಯನ್ನು ಕಣ್ವರಿಗೆ ಮುಟ್ಟಿಸಲು ಗಾಲವನು ಆಕಾಶಮಾರ್ಗದಲ್ಲಿ ಹೊರಡುತ್ತಾನೆ. ಗೆಳತಿಯರಿಗೆಂದು ಬೇರೆ ಸಂದೇಶವಿಲ್ಲ.