ಗ್ಯಾರೇಜಿನ ಕಟ್ಟೆ: ಕೊರಳು ಹೊರಳುವ ಗೋಟಿ

ಪುಣೆಯಲ್ಲಿ ಖಾನಾವಳಿ ನಡೆಸುವ ಸೋದರಿಯೊಬ್ಬರ ಕಾಗದ ಬಂದಿದೆ. ಮಗ ಐ.ಟಿ.ಐ.ಯಲ್ಲಿ ಮೋಟಾರು ರಿಪೇರಿ ಕಲಿತು ಆರು ತಿಂಗಳಿಂದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನಂತೆ. “ಅಣ್ಣಾವರೇ, ಅವನ ಹತ್ತಿರ ಗೋಟಿಗಳ ದೊಡ್ಡ ಪೆಟ್ಟಿಗೆ ಆಗಲೇ ಒಂದಿದೆ. ಈಗ ಕೊರಳು ತಿರುಗುವ ಗೋಟಿಗಳದು ಇನ್ನೊಂದು ಬೇಕೆಂದು ಹಟ ಹಿಡಿದಿದ್ದಾನೆ. ಅದರ ಬೆಲೆಗೆ ನನ್ನ ಖಾನಾವಳಿಗೆ ಎಷ್ಟೋ ದಿನದ ಜೋಳ ಬರುತ್ತದೆ. ಇದು ಕೆಲಸದ ವಸ್ತುವೋ, ಹುಡುಗರ ಶೋಕಿಯೋ, ನೀವೇ ಹೇಳಬೇಕು” ಎಂದು ಕೇಳಿದ್ದಾರೆ.

ಶೋಕಿಯಲ್ಲ, ತಂಗಿ. ಹಾಗೆಂದು ಇಡೀ ಪೆಟ್ಟಿಗೆಯೂ ಬೇಡ.

ಗ್ಯಾರೇಜಿನ ಗಂಧವಿಲ್ಲದ ವಾಚಕರಿಗಾಗಿ ಎರಡು ಮಾತು. ನಟ್ಟಿನ ತಲೆಯ ಮೇಲೆ ಟೋಪಿಯಂತೆ ಕೂರುವ ಉಕ್ಕಿನ ಬಟ್ಟಲನ್ನು ಕಂಪನಿಯವರು ಸಾಕೆಟ್ ಎನ್ನುತ್ತಾರೆ. ಮುಂಬಯಿ, ಪುಣೆಯ ಮೇಸ್ತ್ರಿಗಳ ಬಾಯಲ್ಲಿ ಅದು ಗೋಟಿ. ಹಿಡಿ ನೇರವಾಗಿ ನಿಲ್ಲುವಷ್ಟು ಜಾಗವಿದ್ದರೆ ಸಾದಾ ಗೋಟಿ ಸಾಕು. ಆದರೆ ಇಂದಿನ ಮೋಟಾರುಗಳ ಬಾನೆಟ್ಟಿನೊಳಗೆ ಕೈ ತೂರಿಸಲೂ ಜಾಗವಿಲ್ಲ. ಸ್ಟಾರ್ಟರ್ ಮೋಟಾರಿನ ಮೇಲಿನ ಬೋಲ್ಟು, ಸೈಲೆನ್ಸರಿನ ಕೊಳವೆ ಇಂಜಿನ್ನಿಗೆ ಕೂಡುವಲ್ಲಿನ ನಟ್ಟು, ಗೇರುಪೆಟ್ಟಿಗೆಯ ನೆತ್ತಿಯ ಬೋಲ್ಟು, ಇವೆಲ್ಲ ಗೋಡೆಯ ಆಚೆಗಿರುವ ನೆಂಟರಂತೆ: ಕಾಣುತ್ತವೆ, ಮುಟ್ಟಲಾಗುವುದಿಲ್ಲ. ಅಲ್ಲಿಗೆ ಬೇಕಾದದ್ದು ಕೊರಳು ಹೊರಳುವ ಗೋಟಿ. ಎರಡು ಕವಲುಗಳನ್ನು ನಡುವೆ ಒಂದು ಅಡ್ಡಕೀಲು ಕೂಡಿಸಿರುತ್ತದೆ. ಲಾರಿಯವರು “ಕ್ರಾಸ್ ಹೋಯಿತು” ಎಂದು ಗೋಳಾಡುವುದು ಇದೇ ಕೀಲಿನ ದೊಡ್ಡಣ್ಣನಿಗಾಗಿ. ಇಟಲಿಯ ಕಾರ್ಡಾನೊ, ಇಂಗ್ಲೆಂಡಿನ ಹುಕ್ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ.

ಈ ಕೀಲಿಗೊಂದು ಗುಣದೋಷವಿದೆ. ಅದನ್ನು ನಾನು ಪುಸ್ತಕದಿಂದಲ್ಲ, ಪೆಟ್ಟು ತಿಂದು ಕಲಿತೆ. 1994ರ ಮಳೆಗಾಲ. ಕುರ್ಲಾದ ಗ್ಯಾರೇಜೊಂದರಲ್ಲಿ ನಾನಿನ್ನೂ ಹೊಸಬ. ಪದ್ಮಿನಿ ಟ್ಯಾಕ್ಸಿಯೊಂದರ ಗೇರುಪೆಟ್ಟಿಗೆ ಇಳಿಸಬೇಕಿತ್ತು. ಮೇಲಿನ ಬೋಲ್ಟಿಗೆ ಹನ್ನೆರಡು ಮೂಲೆಯ ಗೋಟಿ, ಅದರ ಹಿಂದೆ ಬಿಡಿ ಕೀಲು, ಅದಕ್ಕೆ ಉದ್ದನೆಯ ಸರಳು ಸಿಕ್ಕಿಸಿದೆ. ಕೀಲು ಹೆಚ್ಚುಕಡಿಮೆ ಮೊಣಕೈಯಂತೆ ಬಾಗಿತ್ತು. ಉಸ್ತಾದ್ ಚಹಾಕ್ಕೆ ಹೋಗಿದ್ದರು. ಅವರು ಬರುವುದರೊಳಗೆ ಮುಗಿಸಿ ಶಹಭಾಸ್ ಎನಿಸಿಕೊಳ್ಳುವ ಆಸೆ. ಮೈಭಾರವೆಲ್ಲ ಹಾಕಿ ಎಳೆದೆ. ಕಟಕ್ ಎಂದಿತು. ಸಡಿಲವಾಯಿತೆಂದು ಹಿಗ್ಗಿದೆ. ಸಡಿಲವಾದದ್ದು ಬೋಲ್ಟಲ್ಲ, ಅದರ ಆರು ಮೂಲೆಗಳೂ ಸವೆದು ತಲೆ ಬೋರೆಹಣ್ಣಿನಂತೆ ದುಂಡಗಾಗಿತ್ತು. ಅದನ್ನು ಕಿತ್ತು ತೆಗೆಯಲು ಎರಡು ದಿನ ಹಿಡಿಯಿತು. ಟ್ಯಾಕ್ಸಿಯವನ ಎರಡು ದಿನದ ದುಡಿಮೆ ಹೋಯಿತು. ಅವನು ಬೈಯಲಿಲ್ಲ. ಮೂಲೆಯ ಟೈರಿನ ಮೇಲೆ ಸುಮ್ಮನೆ ಕುಳಿತು ಮಳೆ ನೋಡುತ್ತಿದ್ದ.

ಕಾರಣ ಹೀಗೆ. ಕೀಲು ಬಾಗಿದಾಗ ನಮ್ಮ ಬಲವೆಲ್ಲ ತಿರುವುದಕ್ಕೆ ಹೋಗುವುದಿಲ್ಲ. ಒಂದು ಪಾಲು ಗೋಟಿಯನ್ನು ಪಕ್ಕಕ್ಕೆ ನೂಕುತ್ತದೆ, ಗೋಟಿ ವಾಲಿ ನಟ್ಟಿನ ಮೂಲೆಗಳನ್ನು ಕಚ್ಚುತ್ತದೆ. ತಿರುಗುವ ವೇಗವೂ ಸಮವಲ್ಲ. 30 ಡಿಗ್ರಿ ಬಾಗಿಸಿದರೆ, ಹಿಡಿ ಒಂದೇ ಸಮನೆ ತಿರುಗುತ್ತಿದ್ದರೂ ಗೋಟಿಯ ವೇಗ ಒಂದು ಸುತ್ತಿನಲ್ಲಿ ಎರಡೆರಡು ಸಲ 0.87ಕ್ಕೆ ಇಳಿದು 1.15ಕ್ಕೆ ಏರುತ್ತದೆ. ಬಾಗು ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚು. ಆದ್ದರಿಂದ ಅಂಗಡಿಯವನು “ಇದು 90 ಡಿಗ್ರಿ ಬಾಗುತ್ತದೆ ಸಾಹೇಬ್” ಎಂದು ತೋರಿಸಿದರೆ ಮರುಳಾಗಬೇಡಿ. ಬಾಗುವುದು ಬೇರೆ, ಬಾಗಿ ಕೆಲಸ ಮಾಡುವುದು ಬೇರೆ.

ಇನ್ನು ಆಯ್ಕೆಯ ಮಾತು. ಬಿಡಿ ಕೀಲಿಗೆ ಸಾದಾ ಗೋಟಿ ಸಿಕ್ಕಿಸುವುದು ಅಗ್ಗ. ಆದರೆ ಎರಡೂ ಸೇರಿ ಉದ್ದವಾಗುತ್ತದೆ, ಸೇರುವಲ್ಲಿ ಅಲುಗಾಟವೂ ಇರುತ್ತದೆ. ಗೋಟಿ ಮತ್ತು ಕೀಲು ಒಂದೇ ತುಂಡಾಗಿರುವುದು ಗಿಡ್ಡ. ಇಕ್ಕಟ್ಟಿನಲ್ಲಿ ಆ ಒಂದು ಬೆರಳಿನಷ್ಟು ಉಳಿತಾಯವೇ ಕೆಲಸದ ಗೆಲವು. ನಾನಾದರೆ ಒಂದೇ ತುಂಡಿನದನ್ನೇ ಕೊಳ್ಳುತ್ತೇನೆ, ಅದೂ ಆರು ಮೂಲೆಯದು. ಹಿಡಿ ಕೂರುವ ಚೌಕ ಮೂರು ಸೂತಿನದು, ಎಂದರೆ 3/8 ಇಂಚು (ನಮ್ಮೂರ ಬಡಗಿಯ ಮೂರು ನೂಲು) ಇರಲಿ. ಅರ್ಧ ಇಂಚಿನದು ಬಲಿಷ್ಠ ನಿಜ, ಆದರೆ ಅದರ ದಪ್ಪ ಕೊರಳು ಸಂದಿಗೆ ಇಳಿಯದಿದ್ದರೆ ಬಲ ಕಟ್ಟಿಕೊಂಡು ಏನು ಮಾಡುವುದು?

ಅಳತೆಯ ವಿಷಯದಲ್ಲಿ ಮಗನನ್ನೇ ಕೇಳಿ: ನಿಮ್ಮ ಗ್ಯಾರೇಜಿಗೆ ಬರುವ ಗಾಡಿ ಯಾವುವು? ಮಾರುತಿಯಂಥ ಜಪಾನಿ ಮೂಲದ ಗಾಡಿಗಳೂ ಕೊರಿಯಾದವೂ ಹೆಚ್ಚಾಗಿ 10, 12, 14, 17 ಮಿಲಿಮೀಟರಿನವು. ಜರ್ಮನ್ ಮೂಲದವುಗಳಿಗೆ 13, 16, 18 ಬೇಕಾಗುತ್ತದೆ. ಹತ್ತು ಹದಿಮೂರು ಗೋಟಿಯ ಪೆಟ್ಟಿಗೆಯಲ್ಲಿ ದಿನವೂ ಕೈಗೆ ಬರುವುದು ಮೂರೋ ನಾಲ್ಕೋ. ಮಿಕ್ಕವು ಮದುವೆಯ ಬೆಳ್ಳಿ ಲೋಟದಂತೆ ಮಲಗಿರುತ್ತವೆ.

ಫಳಫಳ ಹೊಳೆಯುವ ಕ್ರೋಮಿನ ಗೋಟಿ ಕೈಕೆಲಸಕ್ಕೆ ಮಾತ್ರ. ಗಾಳಿಯ ಅಥವಾ ಬ್ಯಾಟರಿಯ ಇಂಪ್ಯಾಕ್ಟ್ ಗನ್ನಿಗೆ ಅದನ್ನು ಸಿಕ್ಕಿಸಿದರೆ ಗಡಸು ಉಕ್ಕು ಬಿರಿದು ಚೂರು ಹಾರುತ್ತದೆ. ಕಣ್ಣಿನ ಗತಿ ಊಹಿಸಿ. ಗನ್ನಿಗೆ ಕಪ್ಪು ಬಣ್ಣದ, ದಪ್ಪ ಗೋಡೆಯ, ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಇಂಪ್ಯಾಕ್ಟ್ ಗೋಟಿಯೇ ಆಗಬೇಕು. ಅದರಲ್ಲೂ ಪಿನ್ನಿಲ್ಲದೆ ಗುಂಡಿನ ಮೇಲೆ ಹೊರಳುವ ಬಗೆಯೊಂದಿದೆ. ಮುರಿಯಲು ಪಿನ್ನೇ ಇಲ್ಲ. ಆ ಹುಡುಗನ ಗ್ಯಾರೇಜಿನಲ್ಲಿ ಗನ್ ಇದ್ದರೆ ಮೊದಲಿಗೇ ಕಪ್ಪನೆಯದನ್ನು ಕೊಳ್ಳಲಿ. ಕೈಯಲ್ಲೂ ಅದು ನಡೆಯುತ್ತದೆ, ಸ್ವಲ್ಪ ದಪ್ಪ ಎನ್ನುವುದೊಂದೇ ತೊಡಕು. ಗನ್ ಹಿಡಿದಾಗಲಂತೂ ಬಾಗು ಕಡಿಮೆಯಿರಲಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ 12ರ ತಲೆಯ ಒಂದು ಬೋಲ್ಟು ಇರಲಿ. ಗೋಟಿಯೊಳಗೆ ಅದನ್ನು ಕೂರಿಸಿ ಅಲುಗಾಡಿಸಿ ನೋಡಬೇಕು. ಎರಡು ತುದಿ ಹಿಡಿದು ಎದುರುಬದುರು ತಿರುವಿದರೆ ಕೀಲಿನಲ್ಲಿ ಲೊಟಕು ಇರಬಾರದು. ಗೋಟಿಯನ್ನು ಓರೆ ಮಾಡಿ ಬಿಟ್ಟರೆ ಅಲ್ಲಿಯೇ ನಿಲ್ಲಬೇಕು. ನಿದ್ದೆಗಣ್ಣಿನ ಕೂಸಿನಂತೆ ತಲೆ ಜೋಲಿಸಿದರೆ ಬೇಡ, ಕತ್ತಲ ಸಂದಿಯಲ್ಲಿ ಅದನ್ನು ನಟ್ಟಿನ ಮೇಲೆ ಕೂರಿಸುವುದೇ ಒಂದು ತಪಸ್ಸು. ಈಗಾಗಲೇ ಅಂಥದ್ದು ಮನೆಯಲ್ಲಿದ್ದರೆ ಕೀಲಿಗೆ ಎರಡು ಸುತ್ತು ವೈರಿನ ಟೇಪು ಸುತ್ತಿ, ತಲೆ ನಿಲ್ಲುತ್ತದೆ.

ಇನ್ನೂ ಅಗ್ಗದ ಉಪಾಯವೊಂದುಂಟು. ತುದಿ ದುಂಡಗಿರುವ ಸರಳನ್ನು ವಾಬಲ್ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಸಾದಾ ಗೋಟಿಯೇ ಅದರ ಮೇಲೆ ಸುಮಾರು 15 ಡಿಗ್ರಿ ವಾಲುತ್ತದೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಂದಿಗಳಿಗೆ ಅಷ್ಟೇ ಸಾಕು.

ಒಂದು ಮಾತು ಮಗನಿಗೆ ನೇರವಾಗಿ ಹೇಳುತ್ತೇನೆ. ತಮ್ಮಾ, ತುಕ್ಕು ಹಿಡಿದ ನಟ್ಟಿಗೆ ಮೊದಲು ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾಯಿ. ಮೊದಲ ಎಳೆತ, ಕೊನೆಯ ಬಿಗಿತ ಎರಡನ್ನೂ ಆದಷ್ಟು ನೇರ ಗೋಟಿಯಿಂದ ಮಾಡು. ನಡುವಿನ ತಿರುವಾಟಕ್ಕೆ ಹೊರಳುವುದು. ಟಾರ್ಕ್ ವ್ರೆಂಚಿಗೆ ಬಾಗಿದ ಕೀಲು ಹಾಕಿದರೆ ಅದು ತೋರುವ ಅಂಕೆಗೂ ಬೋಲ್ಟು ಕಂಡ ಬಿಗಿತಕ್ಕೂ ತಾಳೆಯಾಗುವುದಿಲ್ಲ. ಪ್ಲಗ್ಗನ್ನು ಮಾತ್ರ ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುವು. ಅಲ್ಯೂಮಿನಿಯಮ್ ಹೆಡ್ಡಿನ ಮರೆ ಕೆಟ್ಟರೆ ನಿನ್ನ ತಿಂಗಳ ಸಂಬಳಕ್ಕೆ ಕುತ್ತು.

ತಂಗಿ, ಲೆಕ್ಕ ಹೀಗೆ ಹಾಕಿ: ವಾಬಲ್ ಸರಳು ಒಂದು, 10, 12, 14ರ ಹೊರಳುವ ಗೋಟಿ ಒಂದೊಂದು. ನಾನಾ ಪೇಠೆಯಲ್ಲಿ ಮೋಟಾರು ಸಾಮಾನಿನ ಅಂಗಡಿಗಳ ಸಾಲೇ ಇದೆ. ಬಿಡಿಯಾಗಿ ಕೊಡುವವರನ್ನು ಹುಡುಕಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಚೌಕಾಶಿ ಅವನಿಗಿಂತ ನಿಮಗೆ ಚೆನ್ನಾಗಿ ಬರುತ್ತದೆಂದು ಕಾಗದ ನೋಡಿದರೇ ತಿಳಿಯುತ್ತದೆ.

ಹೈದರಾಬಾದಿನ ವಾಚಕರೊಬ್ಬರು ಜ್ಯಾಕ್ ಜಾರಿದ ಸಂಗತಿ ಬರೆದಿದ್ದಾರೆ. ಅದು ಮುಂದಿನ ಸಂಚಿಕೆಗೆ.