ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್

ಅಮ್ಮನ ಪಿಂಚಣಿ ಅರ್ಜಿಯಲ್ಲಿ ಹುಟ್ಟಿದ ವರ್ಷ ಬದಲಾಗಿತ್ತು. ವಿಚಾರಿಸಲು ಕೋಟೇಶ್ವರದ ಆಸುಪಾಸಿನ ಒಂದು ಕಚೇರಿಗೆ ಮೂರು ಸಲ ಹೋದೆ. ಹೆಸರು ಬೇಡ. ನಾಲ್ಕು ಜನ ಕೆಲಸ ಮಾಡುವ ಜಾಗ, ಲಾಗಿನ್ ಒಂದೇ. ಪಾಸ್‌ವರ್ಡ್ ಚೀಟಿ ಮಾನಿಟರಿನ ಅಂಚಿಗೇ ಅಂಟಿಸಿತ್ತು. ಯಾರು ತಿದ್ದಿದ್ದು ಅಂದರೆ ನಾಲ್ವರೂ "ನಾನಲ್ಲ" ಅಂದರು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ ಅಂತಲೇ ಇಟ್ಟುಕೊಳ್ಳಿ. ಕಂಪ್ಯೂಟರಿಗೆ ಮಾತ್ರ ಅವರು ನಾಲ್ವರಲ್ಲ, ಒಬ್ಬರೇ.

"ಒಬ್ರು ರಜೆ ಮಾಡಿರೆ ಕೆಲ್ಸ ನಿಲ್ಲತ್ತಲೆ ಮಾರಾಯ್ರೆ" ಅಂದರು ಅಲ್ಲಿದ್ದವರು. ಅವರ ಕಷ್ಟ ಸುಳ್ಳಲ್ಲ, ಹೊರಗೆ ಸರದಿ ನಿಂತಿರುತ್ತದೆ. ಆದರೆ ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಒಬ್ಬೊಬ್ಬರಿಗೂ ಬೇರೆ ಖಾತೆ ತೆರೆಯಲು ದುಡ್ಡು ಬೇಡ. ರಜೆಯಲ್ಲಿ ಹೋದವರ ಕೆಲಸವನ್ನು ಇನ್ನೊಬ್ಬರ ಖಾತೆಗೆ ಅಷ್ಟು ದಿನಕ್ಕೆ ಕೊಟ್ಟು ಮತ್ತೆ ವಾಪಸು ಪಡೆಯಬಹುದು. ಪಾಸ್‌ವರ್ಡನ್ನೇ ಕೊಟ್ಟರೆ ವಾಪಸು ಪಡೆಯುವುದು ಹೇಗೆ?

ಇದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗ, ಸಿಬ್ಬಂದಿ ಒಳಹೋಗಲು ಬೆರಳಚ್ಚು ಕೊಡಬೇಕೆಂದು ಮಾಡಿದ್ದರು. ಪಾಸ್‌ವರ್ಡ್ ಹಂಚಬಹುದು, ಬೆರಳು ಹಂಚಲಾಗದು. ಖಾತೆ ಬದಲಾವಣೆಯ ಅರ್ಜಿ ದಾಖಲಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು. ಅಷ್ಟಾಗಿಯೂ ತಪ್ಪಿಲ್ಲದ ಪಹಣಿಯೇ ಇಲ್ಲ ಅಂತಲ್ಲ, ಆದರೆ ಯಾರನ್ನು ಕೇಳಬೇಕು ಅನ್ನುವುದಾದರೂ ತಿಳಿಯುತ್ತದೆ.

ನನ್ನದೇ ಕಥೆ ಹೇಳುವುದಾದರೆ, ಪತ್ರಿಕೆಯ ಸಾಫ್ಟ್‌ವೇರಿನಲ್ಲಿ ನಾನು ಸುದ್ದಿ ಕಳಿಸಬಹುದು, ಪುಟಕ್ಕೆ ಹಾಕುವ ಹಾಗಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ತಪ್ಪು ಹೆಸರು ಬರೆದು ಕಳಿಸಿದ್ದನ್ನು ಡೆಸ್ಕಿನವರು ಹಿಡಿದ ಮೇಲೆ ಸಿಟ್ಟು ಇಳಿಯಿತು.

ನಿಮ್ಮ ಕೈಯಲ್ಲಿರುವ ಫೋನೂ ಇದನ್ನೇ ಮಾಡುತ್ತದೆ. ಆಂಡ್ರಾಯ್ಡ್ ಪ್ರತಿ ಆ್ಯಪನ್ನೂ ಬೇರೆ ಬೇರೆ ಬಾಡಿಗೆದಾರನ ಹಾಗೆ ಪ್ರತ್ಯೇಕ ಕೋಣೆಯಲ್ಲಿಡುತ್ತದೆ, ಒಬ್ಬರ ಕಪಾಟು ಇನ್ನೊಬ್ಬರು ತೆರೆಯುವಂತಿಲ್ಲ. ಕ್ಯಾಮೆರಾ, ಮೈಕು, ಫೋನ್ ನಂಬರುಗಳ ಪಟ್ಟಿ ಬೇಕಾದರೆ ನಿಮ್ಮನ್ನೇ ಕೇಳಬೇಕು. 2015ರಲ್ಲಿ ಬಂದ 6ನೇ ಆವೃತ್ತಿಯಿಂದ, ಕೊಟ್ಟ ಅನುಮತಿಯನ್ನು ಒಂದೊಂದಾಗಿ ಹಿಂದಕ್ಕೂ ಪಡೆಯಬಹುದು. ಆದರೆ ಕೇಳಿದ್ದಕ್ಕೆಲ್ಲ "ಅನುಮತಿಸಿ" ಒತ್ತುವವರು ನಾವೇ. ಟಾರ್ಚ್ ಆ್ಯಪಿಗೆ ನಿಮ್ಮ ನೆಂಟರಿಷ್ಟರ ನಂಬರು ಯಾಕೆ ಬೇಕು ಹೇಳಿ?

ಕಚೇರಿಗಳಲ್ಲಿ ಆಗಬೇಕಾದದ್ದೂ ಇಷ್ಟೇ: ಅರ್ಜಿ ಟೈಪ್ ಮಾಡುವವರಿಗೆ ಟೈಪ್ ಮಾಡುವ ಅಧಿಕಾರ ಸಾಕು, ಅಡ್ಮಿನ್ ಖಾತೆ ಬೇಡ. ವರ್ಗವಾಗಿ ಹೋದವರ ಲಾಗಿನ್ ಅದೇ ದಿನ ಮುಚ್ಚಬೇಕು. ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ, ತಿದ್ದುವವರ ಕೈಗೇ ಸಿಗಬಾರದು. ಗ್ರಾಮಸಭೆಯಲ್ಲಿ ದಾರಿದೀಪ, ಚರಂಡಿಯ ಜೊತೆಗೆ "ಇಲ್ಲಿ ಲಾಗಿನ್ ಎಷ್ಟು, ಜನ ಎಷ್ಟು" ಅಂತಲೂ ಕೇಳಿ.

ಅಮ್ಮನ ಅರ್ಜಿ ಸರಿಯಾಯಿತು. ಸರಿಮಾಡಿದ್ದು ಯಾರು ಅಂತ ಕೇಳಿದೆ. ಅದೂ ಗೊತ್ತಾಗಲಿಲ್ಲ.