ಅಪವಾದ: ಒಂದು ಪದ, ಎರಡು ತಕ್ಕಡಿ

'ಅಪವಾದ' ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಸಂಸ್ಕೃತ ವ್ಯಾಕರಣಕಾರರು ಸಾಮಾನ್ಯ ನಿಯಮವನ್ನು ಉತ್ಸರ್ಗವೆಂದೂ ಅದಕ್ಕೆ ಹೊರತಾದುದನ್ನು ಅಪವಾದವೆಂದೂ ಕರೆದರು. ಲೋಕವ್ಯವಹಾರದಲ್ಲಾದರೋ ಅದು ನಿಂದೆ, ಹೊರಿಸಿದ ದೋಷ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮುಸ್ಲಿಮ್ ಮನೆಗಳಲ್ಲಿ ಇದಕ್ಕೆ ಫಾರ್ಸಿ ಮೂಲದ 'ಬದನಾಮಿ' ಎಂಬ ಮಾತಿದೆ. 'ಬದ್' ಎಂದರೆ ಕೆಟ್ಟ, 'ನಾಮ್' ಎಂದರೆ ಹೆಸರು.

ಇತರರಲ್ಲೊಬ್ಬ ತಪ್ಪೆಸಗಿದರೆ ಅವನನ್ನು ಅಪವಾದವೆಂದು ಬದಿಗಿಡುವ ಲೇಖನಿಗಳು, ಆರೋಪಿಯ ಹೆಸರು ಮುಸ್ಲಿಮನದ್ದಾದರೆ ಅಪವಾದವನ್ನು ಇಡೀ ಸಮುದಾಯದ ತಲೆಗೆ ಕಟ್ಟುತ್ತವೆ. ತಪ್ಪೇ ನಡೆಯದಿದ್ದರೂ ಕಟ್ಟುತ್ತವೆ. ಕರ್ನಾಟಕದ ವೈದ್ಯ ಡಾ. ಮುಹಮ್ಮದ್ ಹನೀಫ್ 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಬಂಧಿತರಾದರು. ಬಂಧುವೊಬ್ಬನಿಗೆ ಬಿಟ್ಟುಕೊಟ್ಟಿದ್ದ ಸಿಮ್ ಕಾರ್ಡೊಂದು ಅವರನ್ನು ಭಯೋತ್ಪಾದನೆಯ ಆರೋಪಿಯಾಗಿಸಿತು. ಜುಲೈ 27ರಂದು ಆರೋಪವನ್ನು ಹಿಂದೆಗೆದುಕೊಳ್ಳಲಾಯಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರವನ್ನೂ ನೀಡಿತು. ಬಂಧನವನ್ನು ನೆನಪಿಟ್ಟವರೆಷ್ಟು, ಪರಿಹಾರವನ್ನು ನೆನಪಿಟ್ಟವರೆಷ್ಟು?

ಈ ಅನ್ಯಾಯವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ನಮ್ಮ ಕೈಯಲ್ಲಿರುವ ತಕ್ಕಡಿ ಎಂತಹದು? ನಮ್ಮ ಮೊಹಲ್ಲಾಗಳಲ್ಲಿ ನಿಶ್ಚಯವಾದ ಸಂಬಂಧವೊಂದು ಮುರಿದರೆ ಮೊದಲು ಕೆಡುವುದು ಹೆಣ್ಣಿನ ಹೆಸರು. ವರದಕ್ಷಿಣೆ ಕೇಳಿದವನ ಹೆಸರು ಕೆಡುವುದಿಲ್ಲ. ತಲಾಖ್ ಪಡೆದವಳ ನಡತೆಯನ್ನು ಮದುವೆ ಮನೆಯ ಪಂಕ್ತಿಯಲ್ಲೇ ವಿಚಾರಣೆಗೆ ಒಡ್ಡಲಾಗುತ್ತದೆ. ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ.

ಆದರೆ ಪವಿತ್ರ ಕುರ್‌ಆನ್ ಸಾಕ್ಷಿಯನ್ನು ಕೇಳುತ್ತದೆ. ಸುಶೀಲೆಯ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವರಿಗೆ ಸೂರಃ ಅನ್ನೂರ್‌ನ 4ನೇ ಸೂಕ್ತವು 80 ಛಡಿಯೇಟುಗಳನ್ನು ವಿಧಿಸುತ್ತದೆ. ಅವರ ಸಾಕ್ಷ್ಯವನ್ನು ಮುಂದೆಂದೂ ಸ್ವೀಕರಿಸಬಾರದೆನ್ನುತ್ತದೆ. ಹ. ಆಯಿಶಾ(ರ)ರ ಮೇಲೆ ಮದೀನಾದಲ್ಲಿ ಅಪವಾದ ಹಬ್ಬಿದಾಗ, ಅದನ್ನು ಕಟ್ಟಿದವರನ್ನು ಮಾತ್ರವಲ್ಲ, ಕೇಳಿ ನಾಲಿಗೆಯಿಂದ ನಾಲಿಗೆಗೆ ದಾಟಿಸಿದವರನ್ನೂ ಅದೇ ಅಧ್ಯಾಯ ಖಂಡಿಸಿತು. ಸಹೋದರನಲ್ಲಿ ಇರುವ ದೋಷವನ್ನು ಅವನ ಬೆನ್ನ ಹಿಂದೆ ಆಡಿಕೊಳ್ಳುವುದು 'ಗೀಬತ್', ಇಲ್ಲದ ದೋಷವನ್ನು ಹೊರಿಸುವುದು 'ಬುಹ್ತಾನ್' ಎಂದು ಪ್ರವಾದಿ(ಸ) ಬೇರ್ಪಡಿಸಿ ತಿಳಿಸಿದರು. ಎರಡೂ ಪಾಪವೇ. 'ಇದ್ದದ್ದನ್ನೇ ಹೇಳಿದೆ' ಎಂಬ ಸಮರ್ಥನೆಗೆ ಇಲ್ಲಿ ಎಡೆಯಿಲ್ಲ.

ಇಂದು ವದಂತಿಗೆ ಮೊಬೈಲಿನ ರೆಕ್ಕೆ ಬಂದಿದೆ. ಪತ್ರಿಕೆಗಳಿಂದ ನ್ಯಾಯ ಬಯಸುವ ಸಮುದಾಯವು ತನ್ನ ಹೆಣ್ಣುಮಕ್ಕಳಿಗೂ ಅದೇ ನ್ಯಾಯವನ್ನು ಕೊಡಬೇಡವೇ? ಜುಮಾ ಖುತ್ಬಾಗಳಲ್ಲಿ, ಜಮಾಅತ್ ಸಭೆಗಳಲ್ಲಿ ಈ ಮಾತು ಮೊಳಗಲಿ. ಅಪವಾದ ಹೊರಿಸದವರೇ ನಮ್ಮಲ್ಲಿ ಅಪವಾದವಾಗದಿರಲಿ.